ಲೈನ್ ಪುಟದ ಮೀನು ದೊರೆ

ನಾರ್ವೆಯಿಂದ ಬಂದ ಹೆಂಗಸೊಬ್ಬರು ನಮ್ಮ ಎಸ್ಟೇಟಿನ ಹಳೆಯ ಜನಗಣತಿ ಪುಸ್ತಕದಲ್ಲಿ ತಮ್ಮ ಅಜ್ಜನ ತಮ್ಮನನ್ನು ಹುಡುಕುತ್ತಿದ್ದರು. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ನಾನು ಪಾಲಿಬೆಟ್ಟದಲ್ಲಿ ಎಸ್ಟೇಟಿನ ಲೆಕ್ಕ, ಗಣತಿ ಬರೆಯುವ ರೈಟರ್. ಬಿಳಿ ದೊರೆಗಳ ಹೆಸರಿದ್ದ ಬಂಗಲೆಯ ಪುಟವನ್ನು ಮೂರು ಸಲ ಓದಿದರೂ ಹೆಸರು ಸಿಗಲಿಲ್ಲ. ಬಾಗಿಲಲ್ಲಿದ್ದ, ಆಳುಗಳನ್ನು ನೋಡಿಕೊಳ್ಳುವ ಮುದುಕ ಮೇಸ್ತ್ರಿ ನಕ್ಕರು.

“ಮೀನು ಒಣಗಿಸ್ತಿದ್ದ ಬಿಳಿ ದೊರೆನಾ? ಅವ್ರು ಆಳುಗಳ ಲೈನಲ್ಲೇ ಇದ್ದದ್ದು ರೈಟ್ರೇ, ಬಂಗ್ಲೆ ಪುಟದಲ್ಲಿ ಎಲ್ಲಿ ಸಿಗ್ತಾರೆ?”

ಆಕೆಗೆ ಅದನ್ನು ತಿಳಿಸಿದೆ; ಮೀನು ಒಣಗಿಸುವುದು ಆಕೆಯ ಮನೆತನದ ಕಸುಬಂತೆ. ಲೈನ್ ಮನೆಗಳ ಪುಟ ತೆಗೆದು ಇಂಗ್ಲಿಷಿನಲ್ಲಿ ಹೇಳಿದೆ: ‘ಮೀನು ದೊರೆ. ಊರು ಗೊತ್ತಿಲ್ಲ. ಹೆಂಡತಿ ಮುನಿಯಮ್ಮ.’ ಆತ ಒಂಟಿಯಾಗಿಯೇ ಸತ್ತನೆಂದು ಮನೆಯವರು ನಂಬಿದ್ದರಂತೆ. ಆ ಹೆಸರಿನ ಮೇಲೆ ಬೆರಳಿಟ್ಟು, ‘ಮುನಿಯಮ್ಮ’ ಎನ್ನುವುದನ್ನು ಆಕೆ ನನ್ನಿಂದ ಕಲಿತರು.

ಮುಂದಿನ ಗಣತಿಯಲ್ಲಿ ‘ಊರು ಗೊತ್ತಿಲ್ಲ’ ಎಂದು ಬರೆಯಲು ನನಗೆ ಕೈ ಬರಲಿಲ್ಲ. ಲೈನಿನ ಪ್ರತಿ ಮನೆಯಲ್ಲೂ ಕೂತು ಅವರವರ ಊರು ಯಾವುದೆಂದು ಕೇಳಿದೆ.