ಗಾಜಿನ ಮೇಲಿನ ಅಂಗೈ

1981ನೆಯ ಇಸವಿ. ನನಗೆ ಆಗ ಇಪ್ಪತ್ತೊಂಬತ್ತು ವರ್ಷ. ಚನ್ನಗಿರಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ.

ನಾನು ಇಲ್ಲಿ ನೆನೆಯಹೊರಟಿರುವವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಆ ಸೀಳಿನೊಳಗೆ ಮೋಟಾರಿನ ತಂತಿಗೆ ಬಳಿಯುವ ವಾರ್ನಿಷ್ ಇಳಿದು ಕಪ್ಪುಗಟ್ಟಿತ್ತು. ಎಷ್ಟು ತೊಳೆದರೂ ಗೆರೆ ಹೋಗುತ್ತಿರಲಿಲ್ಲ. ಹಣೆಯ ಮೇಲೆ ಬೆಳಗಿನ ವಿಭೂತಿಯ ಬಿಳುಪು, ಹೆಬ್ಬೆರಳಿನಲ್ಲಿ ವಾರ್ನಿಷ್ಷಿನ ಕಪ್ಪು: ಈ ಎರಡು ಗುರುತುಗಳಿಂದ ಅವರನ್ನು ಸಂತೆಯ ಗುಂಪಿನಲ್ಲಿಯೂ ಹುಡುಕಬಹುದಾಗಿತ್ತು. ಸುಟ್ಟುಹೋದ ಪಂಪುಸೆಟ್ಟಿನ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವರ ಕಸುಬು. ಊರಿನವರು ಆ ಕೆಲಸವನ್ನು ವೈಂಡಿಂಗ್ ಎಂದೂ ಅವರನ್ನು ವೈಂಡಿಂಗ್ ಅಣ್ಣ ಎಂದೂ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಅಣ್ಣ ತ್ಯಾವಣಿಗೆಯ ಕಡೆಯವರು. ಒಡಹುಟ್ಟಿದವರೆಲ್ಲ ಅಡಿಕೆಯ ವ್ಯಾಪಾರಕ್ಕೆ ಇಳಿದರೆ ಇವರೊಬ್ಬರು ಮೋಟಾರುಗಳ ಹಿಂದೆ ಬಿದ್ದರು. ಮನೆಯವರಿಗೆ ಇದು ಸ್ವಲ್ಪ ನಾಚಿಕೆಯ ಸಂಗತಿಯಾಗಿತ್ತು. ಅಣ್ಣನಿಗೆ ಹೆಮ್ಮೆಯ ಸಂಗತಿ. ವಿನಯ ಎಂಬುದು ಅವರಲ್ಲಿ ಇರಲಿಲ್ಲ. ಸೂಳೆಕೆರೆಯ ಹಳ್ಳಿಗಳಿಂದಲೂ ಹೊನ್ನಾಳಿಯಿಂದಲೂ ರೈತರು ಮೋಟಾರು ತಂದು ಇಳಿಸುತ್ತಿದ್ದರು. ಬಿಚ್ಚುವ ಮೊದಲೇ ಅಣ್ಣ ತೀರ್ಪು ಕೊಡುತ್ತಿದ್ದರು. “ವೋಲ್ಟೇಜ್ ಇಲ್ದಾಗ ಓಡ್ಸೀಯ. ಸುಳ್ಳು ಹೇಳ್ಬ್ಯಾಡ. ವಾಸ್ನೆ ಹೇಳ್ತೈತೆ,” ಎನ್ನುವರು. ರೈತ ಏನಾದರೂ ಸಮಜಾಯಿಷಿ ಕೊಡಲು ಹೊರಟರೆ, “ಮೋಟ್ರು ಮಾತಾಡೇತಿ, ನೀನು ಸುಮ್ನಿರು,” ಎಂದು ಬಾಯಿ ಮುಚ್ಚಿಸುವರು. ಚಹಾವನ್ನು ತಟ್ಟೆಗೆ ಸುರಿದುಕೊಂಡು, ತಟ್ಟೆಯನ್ನು ನೆಲದ ಮೇಲಿಟ್ಟು, ಅದು ಆರುವವರೆಗೆ ಬೈಯುತ್ತಿದ್ದು, ಆರಿದೊಡನೆ ಬೈಗುಳ ನಿಲ್ಲಿಸಿ ಕುಡಿಯುತ್ತಿದ್ದರು. ರೈತರಿಗೆ ಇದು ಗೊತ್ತಿತ್ತು. ಚಹಾ ಆರಲೆಂದು ಅವರೂ ಕಾಯುತ್ತಿದ್ದರು.

ನಾನು ಬಾಡಿಗೆಗೆ ಇದ್ದದ್ದು ಡಾಕ್ಟರಮ್ಮನವರ ಸಣ್ಣ ಹೆರಿಗೆ ಆಸ್ಪತ್ರೆಯ ಮೇಲಿನ ಮಾಳಿಗೆಯಲ್ಲಿ. ಡಾಕ್ಟರಮ್ಮ ಮೈಸೂರಿನ ಕಡೆಯವರು, ಮಿತಭಾಷಿ. ಆ ಆಸ್ಪತ್ರೆಯ ಬಟ್ಟೆಬರೆಯ ಹೊಣೆ ಹೊತ್ತವರು ಒಬ್ಬ ಆಯಮ್ಮ. ಬಾಣಂತಿಯರ ಸೀರೆ, ಹಾಸಿಗೆಯ ಹೊದಿಕೆ, ಕೂಸುಗಳ ಬಟ್ಟೆ ಎಲ್ಲವನ್ನೂ ಹಿತ್ತಿಲಿನ ದೊಡ್ಡ ಹಂಡೆಯಲ್ಲಿ ಸೌದೆಯ ಬೆಂಕಿಯ ಮೇಲೆ ಕುದಿಸಿ ಒಗೆಯುವುದು ಅವರ ಕೆಲಸವಾಗಿತ್ತು. ಕುದಿಯದ ಬಟ್ಟೆಯನ್ನು ಡಾಕ್ಟರಮ್ಮ ಹೆರಿಗೆಯ ಕೋಣೆಗೆ ಬಿಡುತ್ತಿರಲಿಲ್ಲ. ವರ್ಷಗಟ್ಟಲೆ ಹೊಗೆಯಲ್ಲಿ ನಿಂತ ಆಯಮ್ಮನವರ ಒಂದು ಕಣ್ಣು ಪೂರ್ತಿಯಾಗಿ ಹೋಗಿತ್ತು. ಇನ್ನೊಂದು ಕಣ್ಣಿನ ಪೊರೆಯನ್ನು ದಾವಣಗೆರೆಯಲ್ಲಿ ತೆಗೆಸಿದ್ದರು. ಇನ್ನು ಹೊಗೆಯ ಹತ್ತಿರ ಹೋದರೆ ಇದೂ ಉಳಿಯುವುದಿಲ್ಲವೆಂದು ಅಲ್ಲಿಯ ವೈದ್ಯರು ಹೇಳಿ ಕಳುಹಿಸಿದ್ದರು. ಹಂಡೆಗೆ ಬೇರೊಬ್ಬರನ್ನು ನೇಮಿಸಿದರೆ ಆಯಮ್ಮನ ಕೆಲಸವೇ ಹೋಗುತ್ತಿತ್ತು. ಎರಡು ಸಂಬಳ ಕೊಡುವಷ್ಟು ಹೆರಿಗೆಗಳು ಅಲ್ಲಿ ಆಗುತ್ತಿರಲಿಲ್ಲ. ಈ ಕಾರಣದಿಂದಲೇ ಡಾಕ್ಟರಮ್ಮ, ಜರ್ಮನಿಯಲ್ಲಿದ್ದ ತಮ್ಮನಿಗೆ ಹೇಳಿ, ಬಟ್ಟೆ ಒಗೆಯುವ ಯಂತ್ರವೊಂದನ್ನು ಹಡಗಿನಲ್ಲಿ ತರಿಸಿದ್ದರು. ಅದು ತಣ್ಣೀರನ್ನು ತೆಗೆದುಕೊಂಡು ತಾನೇ ಕಾಯಿಸಿ ಒಗೆಯುತ್ತಿತ್ತು. ಮುಂದೆ ಒಂದು ದುಂಡನೆಯ ಗಾಜಿನ ಬಾಗಿಲು. ಚನ್ನಗಿರಿಯಲ್ಲಿ ಅಂಥದ್ದು ಇನ್ನೊಂದು ಇರಲಿಲ್ಲ.

ಆ ವರ್ಷದ ಮಳೆಗಾಲದ ಕೊನೆಯಲ್ಲಿ ಯಂತ್ರವು ನೀರು ಕಾಯಿಸುವುದನ್ನು ನಿಲ್ಲಿಸಿತು. ಕೈ ಹಾಕಿ ನೋಡಿದವರು ಆಯಮ್ಮ. “ಅಮ್ಮಾವ್ರೆ, ಪೆಟ್ಟಿಗೆ ಜೀವ ಬಿಟ್ಟೈತೆ. ನೀರು ಹೊಳೆ ನೀರಿದ್ದಂಗೈತೆ,” ಎಂದರು. ಡಾಕ್ಟರಮ್ಮ ವೈಂಡಿಂಗ್ ಅಣ್ಣನಿಗೆ ಹೇಳಿಕಳುಹಿಸಿದರು. ಹಿಂಭಾಗದ ಜಗುಲಿಯಲ್ಲಿ ಬೆಳಕು ಕಡಿಮೆಯಾಗಿದ್ದುದರಿಂದ ಬ್ಯಾಟರಿ ಹಿಡಿಯಲು ನನ್ನನ್ನು ಕರೆದರು. ಹೀಗಾಗಿ ಮುಂದೆ ನಡೆದುದನ್ನು ನಾನು ಕಣ್ಣಾರೆ ಕಂಡೆ.

ಅಣ್ಣ ಯಂತ್ರಕ್ಕೆ ಒಂದು ಸುತ್ತು ಬಂದರು. ಬೆನ್ನಿನ ತಗಡು ಬಿಚ್ಚಿದರು. ನೀರು ಕಾಯಿಸುವ ಕಂಬಿಗೆ ಹೋಗುವ ತಂತಿಯೊಂದು ಕಪ್ಪಾಗಿ ಕಳಚಿಕೊಂಡಿತ್ತು.

“ನೋಡಿದ್ರಾ ಮೇಷ್ಟ್ರೆ? ಇಷ್ಟೇ. ಜರ್ಮನ್ನೋರು ಆದ್ರೇನು, ವೈರು ಬಿಟ್ಕೊಂಡ್ರೆ ಎಲ್ಲಾರ್ದೂ ಒಂದೇ ಗತಿ,” ಎಂದರು.

ತಂತಿಯ ತುದಿಯನ್ನು ಕೆರೆದು, ಬಿಗಿದು, ಜೋಡಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಮೋಟಾರಿಗೆ ತಂತಿ ಸುತ್ತಿ ಮುಗಿದ ಮೇಲೆ, ಅದನ್ನು ಮೇಜಿನ ಮೇಲೆ ನೀರಿಲ್ಲದೆಯೇ ಒಮ್ಮೆ ಓಡಿಸಿ ನೋಡುವುದು ಆ ಕಸುಬಿನ ಪದ್ಧತಿ. ನೀರಿನ ಪ್ರಶ್ನೆ ಬರುವುದು ಮೋಟಾರು ಬಾವಿಗೆ ಹೋದ ಮೇಲೆ. ಇಪ್ಪತ್ತು ವರ್ಷ ಹಾಗೆಯೇ ಮಾಡಿದ ಕೈ ಅದು. ಯಂತ್ರದಲ್ಲಿ ನೀರು ತುಂಬದ ಹೊರತು ಕಂಬಿಗೆ ವಿದ್ಯುತ್ತು ಹೋಗದಂತೆ ತಯಾರಿಸಿದವರು ತಡೆಯೊಂದನ್ನು ಮಾಡಿದ್ದರು. ಅಣ್ಣ ಆ ತಡೆಯನ್ನು ದಾಟಿಸಿ, ಒಣಗಿದ ಯಂತ್ರದ ಕಂಬಿಗೆ ನೇರವಾಗಿ ವಿದ್ಯುತ್ತು ಕೊಟ್ಟರು. ಕಂಬಿ ಮೊದಲು ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು, ಆಮೇಲೆ ಸಿಡಿಯಿತು. ಪಕ್ಕದಲ್ಲಿದ್ದ ಸಣ್ಣ ಬಿಲ್ಲೆಯೊಂದು ಕರಗಿ ತೊಟ್ಟಿಕ್ಕಿತು. ನೀರು ಸಾಕಷ್ಟು ಕಾದೊಡನೆ ಕಂಬಿಯನ್ನು ಆರಿಸುವುದು ಆ ಬಿಲ್ಲೆಯ ಕೆಲಸವಾಗಿತ್ತೆಂದು ನಮಗೆ ಅನಂತರ ತಿಳಿಯಿತು.

ಸುಟ್ಟ ರಬ್ಬರಿನ ವಾಸನೆಗೆ ಡಾಕ್ಟರಮ್ಮ ಬಂದರು. “ಏನಾಯಿತು?” ಎಂದರು.

ಕಂಬಿ ಮೊದಲೇ ಸುಟ್ಟಿತ್ತು ಎಂದು ಅಣ್ಣ ಹೇಳಿದ್ದರೆ ಅದನ್ನು ಅಲ್ಲಗಳೆಯುವ ತಿಳಿವಳಿಕೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬ್ಯಾಟರಿ ಹಿಡಿದಿದ್ದ ನನಗೂ ಇರಲಿಲ್ಲ. ಅಣ್ಣ ಎದ್ದು ನಿಂತರು.

“ಮೊದ್ಲು ಬರೇ ವೈರು ಹೋಗಿತ್ತು ರೀ ಅಮ್ಮಾವ್ರೆ. ಕಂಬಿ ಚೆನ್ನಾಗಿತ್ತು. ಈಗ ಅದನ್ನ ನಾನು ಸುಟ್ಟೆ.”

ಬಾಗಿಲ ಬಳಿ ನಿಂತಿದ್ದ ಆಯಮ್ಮ ಸುಮ್ಮನಿರುವವರಲ್ಲ. ಅಣ್ಣನ ಮೂರು ಮಕ್ಕಳಿಗೂ ಎಣ್ಣೆನೀರು ಹಾಕಿದ ಸಲಿಗೆ ಅವರದು. “ಅಲ್ಲೋ ತಮ್ಮಾ, ನೀರಿಲ್ದ ಹಂಡೆ ಕೆಳಗೆ ಯಾರಾರ ಬೆಂಕಿ ಹಾಕ್ತಾರೇನೋ? ನಮ್ಮನಿ ಕೂಸಿಗೂ ಗೊತ್ತೈತೆ!”

ಅಣ್ಣ ಬಿಚ್ಚಿಟ್ಟ ತಗಡನ್ನು ಎತ್ತಿ ಯಂತ್ರದ ಬೆನ್ನಿಗೆ ಒರಗಿಸಿದರು.

ಹೊಸ ಕಂಬಿಯೂ ಬಿಲ್ಲೆಯೂ ಬೆಂಗಳೂರಿನಲ್ಲಿ ಸಿಗಲಿಲ್ಲ, ಮುಂಬಯಿಯಲ್ಲಿಯೂ ಸಿಗಲಿಲ್ಲ. ಡಾಕ್ಟರಮ್ಮನ ತಮ್ಮ ಮತ್ತೆ ಬರುವಾಗ ತರಬೇಕು. ಅವರು ಯಾವಾಗ ಬರುವರೆಂಬುದು ಅವರಿಗೇ ತಿಳಿದಿರಲಿಲ್ಲ. ಮರುದಿನದಿಂದ ಆಯಮ್ಮ ಹಂಡೆಯ ಬಳಿಗೆ ಹಿಂತಿರುಗಿದರು. ನಾನು ಮಾಳಿಗೆಯ ಕಿಟಕಿಯಿಂದ ನೋಡುತ್ತಿದ್ದೆ. ಮುಖಕ್ಕೆ ಒದ್ದೆ ಸೆರಗು ಕಟ್ಟಿಕೊಂಡು, ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಅಂದಾಜಿನ ಮೇಲೆ ಕೋಲಿನಿಂದ ಬಟ್ಟೆ ಕಲಕುತ್ತಿದ್ದರು. ವಾರ ಕಳೆಯುವುದರೊಳಗೆ ಆ ಕಣ್ಣು ಕೆಂಪಾಯಿತು. ಅಣ್ಣನೂ ದಿನಕ್ಕೊಮ್ಮೆ ಬಂದು ಅದನ್ನು ನೋಡಿ ಹೋಗುತ್ತಿದ್ದರು. ಆ ದಿನಗಳಲ್ಲಿ ಅಂಗಡಿಯಲ್ಲಿ ರೈತರಿಗೆ ಬೈಗುಳವಿಲ್ಲದೆ ಚಹಾ ಆರಿತು.

ಹೊನ್ನಾಳಿಯ ವಸತಿಗೃಹವೊಂದರಲ್ಲಿ ಸ್ನಾನದ ನೀರಿನ ಹಳೆಯ ಬಾಯ್ಲರ್ ಬಿದ್ದಿತ್ತು. ಅಣ್ಣ ಅದರ ಕಂಬಿಯನ್ನು ಬಿಚ್ಚಿ ತಂದರು. ದಾವಣಗೆರೆಯ ಲೇತಿನಲ್ಲಿ ಅದನ್ನು ಕೂರಿಸಲು ಹಿತ್ತಾಳೆಯ ಬಳೆ ಕಡೆಸಿ, ಲಾರಿಯ ಟ್ಯೂಬಿನಿಂದ ರಬ್ಬರು ಕತ್ತರಿಸಿ, ಯಂತ್ರದ ಹೊಟ್ಟೆಗೆ ಹೊಂದಿಸಿದರು. ನೀರು ಕಾಯಿತು. ಆದರೆ ಕಾಯುವುದನ್ನು ನಿಲ್ಲಿಸುವ ಅಂಗ ಅದರಲ್ಲಿ ಇರಲಿಲ್ಲ. ತಾನಾಗಿ ಆರದೆ, ಸುಮ್ಮನೆ ಬಿಟ್ಟರೆ ಕುದಿದು ರಬ್ಬರನ್ನೆಲ್ಲ ಕಿತ್ತುಕೊಂಡು ಬರುವ ಯಂತ್ರ ಅದಾಯಿತು. ಅಣ್ಣ ಗೋಡೆಗೆ ಒಂದು ಸ್ವಿಚ್ಚು ಹಾಕಿದರು. ನೀರು ಸಾಕಷ್ಟು ಕಾದಿತೆಂದು ಯಾರಾದರೂ ನೋಡಿ ಅದನ್ನು ಆರಿಸಬೇಕು.

“ನಾನೇ ಆರಿಸ್ತೀನಿ ಬಿಡು,” ಎಂದರು ಆಯಮ್ಮ.

“ಬ್ಯಾಡವ್ವಾ. ನೆಲ ಒದ್ದೆ ಐತೆ, ಕರೆಂಟು ಐತೆ, ನಿಂಗೆ ಕಣ್ಣು ಕಾಣಾಕಿಲ್ಲ. ಮೂರೂ ಒಂದೇ ಕಡೆ ಬ್ಯಾಡ. ನಾನು ಬರ್ತೀನಿ.”

“ದಿನಾ ಬರ್ತೀಯೇನೋ?”

“ದಿನಾ ಬರ್ತೀನಿ.”

ಇದನ್ನು ಯಾರೂ ನಂಬಲಿಲ್ಲ. ಅಣ್ಣ ದಿನವೂ ಬಂದರು. ಹೊಲಗಳ ಪಂಪುಸೆಟ್ಟುಗಳು ಏಳುವ ಮೊದಲು, ವೋಲ್ಟೇಜು ಚೆನ್ನಾಗಿರುವ ಹೊತ್ತಿನಲ್ಲಿ, ಲಿಂಗಪೂಜೆ ಮುಗಿಸಿಕೊಂಡು, ಹಣೆಯ ವಿಭೂತಿ ಒಣಗುವ ಮೊದಲೇ ಹಿಂಬಾಗಿಲಿನಿಂದ ಬರುತ್ತಿದ್ದರು. ಒಂದು ಮಣೆ ಹಾಕಿಕೊಂಡು ಯಂತ್ರದ ಎದುರು ಕುಳಿತು, ಆ ದುಂಡು ಗಾಜಿನ ಮೇಲೆ ಬಲ ಅಂಗೈಯನ್ನು ಊರಿ, ಎಡಗೈಯನ್ನು ಸ್ವಿಚ್ಚಿನ ಬಳಿ ಇಟ್ಟುಕೊಳ್ಳುತ್ತಿದ್ದರು. ಗಾಜು ಅಂಗೈಗೆ ತಡೆಯಲಾಗದಷ್ಟು ಬಿಸಿಯಾದಾಗ ಆರಿಸುವರು. ನೀರು ಕೊಂಚ ತಣಿದರೆ ಮತ್ತೆ ಹಾಕುವರು. ಡಾಕ್ಟರಮ್ಮ ಒಮ್ಮೆ ಕೈವಸ್ತ್ರ ಕೊಡಲು ಹೋದಾಗ, “ಬಟ್ಟೆ ಸುತ್ತಿದ್ರೆ ಕೈಗೆ ಹೆಂಗೆ ಗೊತ್ತಾಗ್ತೈತೆ?” ಎಂದರು.

ಅವರ ಮನೆತನದಲ್ಲಿ ಸೋಮವಾರ ಎತ್ತು ಹೂಡುವ ವಾಡಿಕೆಯಿರಲಿಲ್ಲ. ಅದೇ ರೀತಿಯಲ್ಲಿ ಅಣ್ಣ ಸೋಮವಾರ ಉಪಕರಣ ಮುಟ್ಟುತ್ತಿರಲಿಲ್ಲ. ಅಂಗಡಿಯ ಬಾಗಿಲು ಮುಚ್ಚಿರುತ್ತಿತ್ತು. ಆದರೆ ಸೋಮವಾರವೂ ಗಾಜಿನ ಎದುರು ಕುಳಿತಿದ್ದರು. ಇದು ನಿಯಮಕ್ಕೆ ವಿರುದ್ಧವಲ್ಲವೇ ಎಂದು ನಾನು ಕೇಳಿದೆ.

“ಕೈಯಾಗೆ ಸ್ಕ್ರೂಡ್ರೈವರ್ ಐತಾ ಮೇಷ್ಟ್ರೆ?”

“ಇಲ್ಲ.”

“ಬರೇ ಕುಂತೀನಿ. ಕುಂತ್ಕೊಳ್ಳಾದು ಕೆಲ್ಸ ಅಲ್ಲ. ನಿಮ್ಮ ಸ್ಕೂಲಾಗೆ ಕೇಳಿ ನೋಡ್ರಿ.”

ರೈತರಿಗೂ ಈ ಸಂಗತಿ ತಿಳಿದು, ಅವಸರದವರು ಅಂಗಡಿ ಬಿಟ್ಟು ಹೆರಿಗೆ ಆಸ್ಪತ್ರೆಯ ಹಿಂಬಾಗಿಲಿಗೇ ಬರತೊಡಗಿದರು. ನ್ಯಾಮತಿಯ ಒಬ್ಬರು ಮೋಟಾರನ್ನು ಹೊತ್ತೇ ತಂದಾಗ ಆಯಮ್ಮ, “ಏನಪ್ಪಾ, ಇದಕ್ಕೆ ಎಷ್ಟು ತಿಂಗ್ಳು?” ಎಂದು ಕೇಳಿದರಂತೆ. ಆತ ಮೋಟಾರು ಹೊತ್ತುಕೊಂಡೇ ಹಿಂತಿರುಗಿದರು. ಆಯಮ್ಮ ಅಣ್ಣನನ್ನೂ ಬಿಡುತ್ತಿರಲಿಲ್ಲ. “ಲಕ್ಷಣವಾಗಿ ಅಡಿಕೆ ಮಾರಿಕೊಂಡಿದ್ರೆ ಈಗ ದಿಂಬಿಗೆ ಒರಗ್ತಿದ್ದಿ. ಬಾಣಂತಿ ಸೀರೆ ಕಾಯಾಕೆ ಕುಂತೀ ನೋಡು,” ಎನ್ನುವರು. ಅಣ್ಣ ಗಾಜಿನಿಂದ ಕೈ ತೆಗೆಯದೆ, “ನಿನ್ನ ಬಾಯಿ ಸುಡಬೇಕಾಗಿತ್ತವ್ವಾ, ತಪ್ಪಿ ಕಂಬಿ ಸುಟ್ಟೆ,” ಎಂದು ಉತ್ತರಿಸುವರು. ಈ ಮಾತುಕತೆ ಮಾಳಿಗೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಹೆಂಡತಿ ಅದನ್ನು ಕೇಳಿದ ಮೇಲೆಯೇ ಒಲೆ ಹಚ್ಚುತ್ತಿದ್ದಳು.

ಈ ಕಾವಲಿಗೆ ಅಣ್ಣ ತೆತ್ತದ್ದೂ ಇತ್ತು. ಜಗಳೂರಿನಲ್ಲಿ ಅವರ ಹಿರಿಯಣ್ಣನ ಮಗನ ಮದುವೆ ಬೆಳಗಿನ ಮುಹೂರ್ತಕ್ಕೆ ಇತ್ತು. ಹಿಂದಿನ ದಿನವೇ ಹೋಗಬೇಕಾಗಿದ್ದ ಈ ಚಿಕ್ಕಪ್ಪ, ಬೆಳಿಗ್ಗೆ ಬಟ್ಟೆ ಮುಗಿಸಿ ಬಸ್ಸು ಹತ್ತಿದರು. ತಲುಪಿದಾಗ ಅಕ್ಕಿಕಾಳು ಬಿದ್ದು ಊಟದ ಪಂಕ್ತಿಯೂ ಎದ್ದಿತ್ತು. ಹಿರಿಯಣ್ಣ ಬಹುಕಾಲ ಅವರೊಡನೆ ಮಾತನಾಡಲಿಲ್ಲ. ಒಂದು ದಿನಕ್ಕೆ ಯಾರನ್ನಾದರೂ ಕೂರಿಸಬಹುದಾಗಿತ್ತಲ್ಲ, ನಾನಾದರೂ ಇದ್ದೆನಲ್ಲ, ಎಂದು ನಾನು ಹೇಳಿದೆ. ಅವರು ನನ್ನ ಅಂಗೈಯನ್ನು ತಿರುಗಿಸಿ ನೋಡಿ, “ಸೀಮೆಸುಣ್ಣ ಹಿಡಿದ ಕೈ. ಬೇಗ ತೆಗೀತೀರಿ. ನೀರು ಅರ್ಧ ಕಾದಿರ್ತೈತೆ,” ಎಂದರು. ಅದರಲ್ಲಿ ಕುಹಕವಿರಲಿಲ್ಲ; ಅಳತೆಯಿತ್ತು.

1982ರ ಮಳೆಗಾಲದಲ್ಲಿ ನಮ್ಮ ಎರಡನೆಯ ಮಗಳು ಕೆಳಗಿನ ಕೋಣೆಯಲ್ಲಿ ಹುಟ್ಟಿದಳು. ಆಯಮ್ಮ ಅವಳನ್ನು ಸುತ್ತಿ ನನ್ನ ಕೈಗೆ ಕೊಟ್ಟ ಬಟ್ಟೆ ಆ ಬೆಳಿಗ್ಗೆ ಯಂತ್ರದಿಂದ ಬಂದದ್ದು. ಹೊರಗೆ ಬಿಸಿಲಿಲ್ಲದ ಕಾರಣ ಇಸ್ತ್ರಿಯಿಂದ ಒಣಗಿಸಿದ್ದರು. ಹಿಂದಿನ ಜಗುಲಿಯಲ್ಲಿ ಅಣ್ಣ ಕುಳಿತೇ ಇದ್ದರು. “ಹೆಣ್ಣಾ ಗಂಡಾ ಮೇಷ್ಟ್ರೆ?” ಎಂದು ಅಲ್ಲಿಂದಲೇ ಕೂಗಿದರು. ನಾನು ಹೇಳಿದೆ. “ಚಲೋ ಆತು,” ಎಂದರು. ಎದ್ದು ಬರಲಿಲ್ಲ, ನೀರು ಕಾಯುತ್ತಿತ್ತು. ಈ ಋಣವನ್ನು ನಾನು ಅವರಿಗೆ ಬಾಯಿಬಿಟ್ಟು ಹೇಳಿದವನಲ್ಲ. ಹೇಳಿದ್ದರೆ ಬೈಯುತ್ತಿದ್ದರು.

ಅವರು ಈಗ ಇಲ್ಲ. ನಾನು ವರ್ಗವಾಗಿ ಹೊನ್ನಾಳಿಗೆ ಹೋದ ಕೆಲವು ವರ್ಷಗಳ ಅನಂತರ, ಅಂಗಡಿಯಲ್ಲಿಯೇ, ಬೈಯುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದರೆಂದು ಕೇಳಿದೆ. ಸಮಾಧಿಗೆ ನನಗೆ ಹೋಗಲಾಗಲಿಲ್ಲ. ಆಮೇಲೆ ಅವರ ಮನೆಗೆ ಹೋದಾಗ ಅವರ ಹೆಂಡತಿ ಚಹಾ ತಂದಿಟ್ಟರು. “ಸುಟ್ಟಿದ್ದನ್ನ ಒಪ್ಕಂತಿದ್ರು ಸಾರ್. ಅದೊಂದು ಇತ್ತು ಅವ್ರಲ್ಲಿ,” ಎಂದಷ್ಟೇ ಹೇಳಿದರು.

ಆದರೆ ಅವರನ್ನು ನೆನೆದಾಗ ನನ್ನ ಮನಸ್ಸು ನಿಲ್ಲುವುದು ಆ ಸಾವಿನ ಬಳಿಯಲ್ಲ. ಅದಕ್ಕಿಂತ ಹಿಂದಿನ ಒಂದು ಬೆಳಗಿನಲ್ಲಿ. ಡಾಕ್ಟರಮ್ಮನ ತಮ್ಮ ಕೊನೆಗೂ ಊರಿಗೆ ಬಂದಿದ್ದರು. ಅವರ ಪೆಟ್ಟಿಗೆಯಲ್ಲಿ ಹೊಸ ಕಂಬಿ, ಹೊಸ ಬಿಲ್ಲೆ ಎರಡೂ ಇದ್ದವು. ಬೆಂಗಳೂರಿನಿಂದ ಮೆಕ್ಯಾನಿಕ್ಕನ್ನು ಕರೆಸೋಣವೆಂದು ತಮ್ಮ ಹೇಳಿದರು. ಅಣ್ಣ ತಲೆ ತಗ್ಗಿಸಿ, “ಕರೆಸ್ರಿ. ಅದೇ ಒಳ್ಳೇದು,” ಎಂದರು.

“ಯಾಕೆ ಕರೆಸ್ಬೇಕು?” ಎಂದು ಆಯಮ್ಮ ಅಡ್ಡ ಬಂದರು. “ಕೆಡಿಸಿದೋನು ಇಲ್ಲೇ ಐದಾನೆ. ಅವ್ನೇ ಹಾಕ್ಲಿ.”

ಡಾಕ್ಟರಮ್ಮ ಅಣ್ಣನ ಕಡೆ ನೋಡಿ, “ಹಾಕಿ,” ಎಂದರು.

ಅಣ್ಣ ಹಾಕಿದರು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಆಮೇಲೆ ನಲ್ಲಿ ತಿರುಗಿಸಿ ನೀರು ತುಂಬಿಸಿದರು. ಗಾಜಿನೊಳಗೆ ನೀರು ಏರುವುದನ್ನು ನೋಡಿದರು. ನನ್ನನ್ನು ಕರೆದು ನೋಡಲು ಹೇಳಿದರು. ಮತ್ತೊಮ್ಮೆ ತಾವೇ ನೋಡಿದರು. ಗುಂಡಿ ಒತ್ತಿದೊಡನೆ ಯಂತ್ರದ ಮೂಲೆಯಲ್ಲಿ ಒಂದು ಚಿಕ್ಕ ಕೆಂಪು ದೀಪ ಹತ್ತಿತು. ನೀರು ಕಾಯುತ್ತಿರುವವರೆಗೆ ಅದು ಉರಿದು, ಕಾದ ಮೇಲೆ ತಾನೇ ಆರಬೇಕೆಂದು ತಮ್ಮ ವಿವರಿಸಿದರು. ಅಣ್ಣ ಅದಕ್ಕೆ ಕಿವಿಗೊಡದೆ, ಎಂದಿನಂತೆ ಮಣೆಯ ಮೇಲೆ ಕುಳಿತು, ಅಂಗೈಯನ್ನು ಗಾಜಿಗೆ ಊರಿ ಕಣ್ಣು ಮುಚ್ಚಿಕೊಂಡರು. ನಾವೆಲ್ಲ ಅವರ ಕೈಯನ್ನೇ ನೋಡುತ್ತಿದ್ದೆವು. ಗಾಜು ಬಿಸಿಯಾದುದು ಅವರ ಹುಬ್ಬಿನಲ್ಲಿ ಕಾಣಿಸಿತು. ಕೈ ಕದಲಲಿಲ್ಲ.

“ತೆಗಿಯೋ ತಮ್ಮಾ ಕೈನ,” ಎಂದು ಆಯಮ್ಮ ಜಗುಲಿಯ ಆ ತುದಿಯ ಬಾಗಿಲಿನಿಂದ ಹೇಳಿದರು. “ದೀಪ ಆರಿತು.”

ನಾವು ತಿರುಗಿ ನೋಡಿದೆವು. ದೀಪ ಆರಿತ್ತು. ಅಷ್ಟು ದೂರದಿಂದ, ಉಳಿದಿದ್ದ ಆ ಒಂದೇ ಕಣ್ಣಿನಿಂದ, ಅದನ್ನು ಮೊದಲು ಕಂಡವರು ಅವರೊಬ್ಬರೇ. ಅಣ್ಣ ಕಣ್ಣು ತೆರೆದರು, ದೀಪವನ್ನು ನೋಡಲಿಲ್ಲ. ಆಯಮ್ಮನ ಮುಖವನ್ನು ನೋಡಿದರು. ಆಮೇಲೆ ಕೈ ತೆಗೆದರು. ಅಂದು 1984ನೆಯ ಇಸವಿ ಫೆಬ್ರವರಿ ತಿಂಗಳ ಹದಿನೆಂಟನೆಯ ತಾರೀಖು, ಶನಿವಾರ.