ಹಿತ್ತಿಲ ಬಾಗಿಲ ಚಿಲಕ

ಹರಿಹರದಲ್ಲಿ ಹೊಳೆ ಇಳಿದ ಮೇಲೆ ಅಕ್ಕ ಮನೆಗೆ ಮರಳುವ ದಿನ ನಾನೂ ದಾವಣಗೆರೆಯಿಂದ ಹೋಗಿದ್ದೆ. ಕಾಳಜಿ ಕೇಂದ್ರವೆಂದು ಮಾಡಿದ್ದ ಶಾಲೆಯನ್ನು ಅಂದೇ ಖಾಲಿ ಮಾಡಬೇಕಿತ್ತು. ಭಾವ ಗುತ್ತೂರಿನ ಕಾರ್ಖಾನೆಗೆ ಪಾಳಿಗೆ ಹೋಗಿದ್ದರು. ಅಕ್ಕನಿಗೆ ಚಿಕ್ಕಂದಿನಿಂದ ದಮ್ಮು. ಒಗ್ಗರಣೆಯ ಘಾಟಿಗೇ ಎದೆ ಹಿಡಿದುಕೊಳ್ಳುವವಳು ಆ ಕೆಸರು ಮನೆಯಲ್ಲಿ ಹೇಗೆ ಉಸಿರಾಡುತ್ತಾಳೆ ಎಂಬುದೊಂದೇ ನನ್ನ ಚಿಂತೆ. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಬಾ ಎಂದರೆ ಕೇಳಲಿಲ್ಲ.

"ಅತ್ತೆನ ಒಬ್ಬರನ್ನೇ ಬಿಟ್ಟು ಹೆಂಗೆ ಬರ್ಲೇ?" ಎಂದಳು.

ಗೋಡೆಯ ಮೇಲೆ ಎದೆಮಟ್ಟಕ್ಕೆ ನೀರಿನ ಗೆರೆ. ಹೊಳೆಯ ಜೊತೆ ಚರಂಡಿಯೂ ಒಳಗೆ ಬಂದು ಹೋಗಿದ್ದರಿಂದ ವಾಸನೆ ಹೊಸ್ತಿಲಲ್ಲೇ ಮುಖಕ್ಕೆ ಹೊಡೆಯಿತು. ಸರ್ಕಾರದವರು ಮನೆಗೊಂದು ಪೊಟ್ಟಣ ಬ್ಲೀಚಿಂಗ್ ಪೌಡರ್ ಕೊಟ್ಟಿದ್ದರು. ಬಳಸುವುದು ಹೇಗೆಂದು ಯಾರೂ ಹೇಳಿರಲಿಲ್ಲ. ಬೀದಿಯಲ್ಲಿ ಔಷಧಿ ಹೊಡೆಸುತ್ತಿದ್ದ ಸಾಹೇಬರನ್ನು ತಡೆದು, "ಒಳಗೂ ಸ್ವಲ್ಪ ನೋಡ್ರಿ ಸರ್, ದಮ್ಮಿನ ಪೇಷಂಟ್ ಇದಾಳೆ" ಎಂದೆ.

"ಒಳಗಿಂದು ನಮಗೆ ಬರಂಗಿಲ್ಲ ಮೇಡಂ. ರೋಡು, ಚರಂಡಿ ಅಷ್ಟೇ ನಮ್ದು. ಮನೆ ನೀವೇ ತೊಳ್ಕೊಳ್ರಿ."

ರೋಡಿಗೇನು ದಮ್ಮು ಬರುತ್ತದೆಯೇ? ನನಗೆ ಮೈಯೆಲ್ಲ ಉರಿಯಿತು. ಅಲ್ಲೇ ಜಗಳಕ್ಕೆ ನಿಂತೆ.

ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಪ್ರಳಯವಾದರೂ ಸರಿ, ಆ ಹೊತ್ತಿಗೆ ಅಕ್ಕನ ಅತ್ತೆಗೆ ಹಿತ್ತಿಲ ಬಾಗಿಲು ಮುಚ್ಚಲೇಬೇಕು. ಮುಂಬಾಗಿಲಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಬಿಡಬಾರದಲ್ಲ. ನಾನು ಬೀದಿಯಲ್ಲಿದ್ದಾಗ ಒಳಗೆ ಅವರು ಎಂದಿನಂತೆ ಚಿಲಕ ಹಾಕಿ, ದೇವರ ಗೂಡಿನ ಮುಂದೆ ಬತ್ತಿ ಹೊಸೆಯಲು ಕೂತರು. ಆ ಬಾಗಿಲಿಗೆ ಅಂಟಿದ ಬಚ್ಚಲಲ್ಲಿ ಅಕ್ಕ ಪೌಡರ್ ಚೆಲ್ಲಿ ತಿಕ್ಕುತ್ತಿದ್ದಳು. ಕಲೆ ಬಿಡಲಿಲ್ಲವೆಂದು ಅದರ ಮೇಲೆಯೇ ಕಕ್ಕಸು ತೊಳೆಯುವ ಆಸಿಡ್ ಸುರಿದಳು. ಒಂದಕ್ಕಿಂತ ಎರಡು ಮೇಲು ಎಂಬುದು ನಮ್ಮ ಹೆಂಗಸರ ಲೆಕ್ಕ.

ಬೀದಿಗೆ ಅವಳ ಕೆಮ್ಮು ಕೇಳಿತು. ಆಮೇಲೆ ಕೆಮ್ಮು ನಿಂತಿತು. ಅದು ನಿಂತದ್ದಕ್ಕೇ ನನಗೆ ಜೀವ ಬಾಯಿಗೆ ಬಂತು. ಒಳಗೆ ಓಡಿದರೆ ಕಣ್ಣುರಿ, ಗಂಟಲು ಕಟ್ಟಿತು. ಅಕ್ಕ ಗೋಡೆಗೆ ಒರಗಿ ಕುಸಿದಿದ್ದಳು. ಸೆರಗನ್ನು ಮೂಗಿಗೆ ಒತ್ತಿಕೊಂಡು ಅವಳ ರಟ್ಟೆ ಹಿಡಿದು ಎಳೆದೆ.

"ಅಮ್ಮಾ, ಬಾಗಿಲು ತೆಗೀರಿ."

ಎದ್ದು ಬಂದ ಅತ್ತೆಯ ಕೈ ಚಿಲಕದ ಮೇಲೆ ಒಂದು ಗಳಿಗೆ ತಡೆಯಿತು. ಆಮೇಲೆ ತೆಗೆದರು. ನೀರು ಕುಡಿದು ಉಬ್ಬಿದ್ದ ಬಾಗಿಲು ಕಚ್ಚಿಕೊಂಡಿತ್ತು. ಇಬ್ಬರೂ ಸೇರಿ ಜಗ್ಗಿದಾಗ ತೆರೆಯಿತು, ಅಕ್ಕನನ್ನು ಹಿತ್ತಿಲಿಗೆ ಎಳೆದು ಹಾಕಿದೆವು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಆ ಪೌಡರ್, ಆಸಿಡ್ ಎರಡೂ ಬೆರೆತರೆ ವಿಷಗಾಳಿ ಏಳುತ್ತದೆಂದು ಅಲ್ಲಿನ ಡಾಕ್ಟರ್ ಹೇಳಿದ ಮೇಲಷ್ಟೇ ನಮಗೆ ತಿಳಿದದ್ದು. ಅಕ್ಕ ಉಳಿದಳು. ಅವಳಿನ್ನೂ ಅಲ್ಲಿದ್ದಾಗಲೇ ಅವರ ಬೀದಿಗೆ ಆಟೋದಲ್ಲಿ ಮೈಕು ಬಂತಂತೆ: ಪೌಡರಿಗೆ ಏನನ್ನೂ ಬೆರೆಸಬೇಡಿ, ಕಿಟಕಿ ಬಾಗಿಲು ತೆರೆದಿಡಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು.

ಅಕ್ಕನನ್ನು ಮನೆಗೆ ಕರೆತಂದಾಗ ಸಂಜೆಯಾಗಿತ್ತು. ಸ್ವಂತ ಮನೆಯ ಒಳಗೆ ಕಾಲಿಡಲು ಹೆದರಿ ಅವಳು ಹೊಸ್ತಿಲಲ್ಲೇ ನಿಂತಳು. ದೀಪದ ಹೊತ್ತಾಯಿತೆಂದು ನಾನೇ ಹಿತ್ತಿಲ ಬಾಗಿಲು ಹಾಕಲು ಹೋದೆ. ಅತ್ತೆ ನನ್ನ ಕೈ ಹಿಡಿದರು.

"ಮುಚ್ಚಬ್ಯಾಡ. ತೆಗೆದೇ ಇರ್ಲಿ."

"ಲಕ್ಷ್ಮಿ ಹೋಗಲ್ವೇನಮ್ಮ?" ಎಂದೆ. ನನಗಿನ್ನೂ ಸಿಟ್ಟಿತ್ತು.

ಅವರು ಬಾಗಿಲಿಗೆ ಇಟ್ಟಿಗೆಯೊಂದನ್ನು ಅಡ್ಡ ಇಟ್ಟು, ಹೊಸ್ತಿಲ ಕಡೆ ನೋಡಿದರು.

"ಹೋದ್ರೆ ಹೋಗ್ಲಿ ಬಿಡವ್ವ. ಇವಳು ಬಂದ್ಳಲ್ಲ."