ಹತ್ತು ಕೋಟಿ ಮತ್ತು ಒಂದು ಕಡಸು

“ಗಣಿ ಕಂಪನಿಯೋರು ನೂರು ವರ್ಷ ತೋಡಿದ ಚಿನ್ನ ಯಾವ ಲೆಕ್ಕ ಕಣ್ಲಾ! ನಾನು ಜಗಲಿ ಮ್ಯಾಲೆ ಕುಂತೇ ಅತ್ತು ಕೋಟಿ ತೋಡಿವ್ನಿ” ಎಂದು ಕ್ಯಾಸಂಬಳ್ಳಿಯ ಮುನಿಸ್ವಾಮಪ್ಪ ಡೇರಿಯ ಮುಂದೆ ಸಾರಿದಾಗ ಕ್ಯಾನಿನೊಳಗಿನ ಹಾಲು ಬೆಚ್ಚಿಬಿದ್ದು ಒಡೆಯುವುದರಲ್ಲಿತ್ತು.

ಅಷ್ಟೂ ಫೋನಿನೊಳಗಿನ ಗಣಿ ಆಟದ ನಾಣ್ಯ. ಆ ನಾಣ್ಯವನ್ನೇ ಪಣ ಕಟ್ಟಿಸಿಕೊಳ್ಳುವ ಇನ್ನೊಂದು ಆ್ಯಪ್ ಸಿಕ್ಕಿತು. ಅದರ ಚಕ್ರ ಮೂರೇ ದಿನದಲ್ಲಿ ಹತ್ತು ಕೋಟಿಯನ್ನೂ ನುಂಗಿತು, ಒಂದು ತೇಗೂ ಬರಲಿಲ್ಲ. ಹೊಸ ನಾಣ್ಯ ಕೊಳ್ಳಲು ನಿಜವಾದ ರೂಪಾಯಿಯೇ ಬೇಕಿತ್ತು. ಹೆಂಡತಿ ಅನಸೂಯಮ್ಮ ಮಗುವಿನಂತೆ ಸಾಕಿದ್ದ ಗಬ್ಬದ ಕಡಸನ್ನು ಹಿಡಿದುಕೊಂಡು ಬಂಗಾರಪೇಟೆಯ ದನದ ಸಂತೆಗೆ ಹೋದ. ಅವನ ಜಂಬ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ದಲ್ಲಾಳಿ ಚಿಕ್ಕವೆಂಕಟಪ್ಪ ವಾಡಿಕೆಯಂತೆ ಟವೆಲ್ಲಿನಡಿ ಕೈ ಹಿಡಿದು, ಬೆರಳು ಒತ್ತಿ ಬೆಲೆ ಕೇಳಿದ. ಮುನಿಸ್ವಾಮಪ್ಪನ ಹೆಬ್ಬೆರಳು ಫೋನಿನಲ್ಲಿ ಚಕ್ರ ತಿರುಗಿಸಿದ ಚಾಳಿಯಲ್ಲಿ ದಲ್ಲಾಳಿಯ ಅಂಗೈಯನ್ನು ಸರ್ರನೆ ಉಜ್ಜಿತು.

“ಇದೇನಣ್ಣ, ಬೆಲೆ ಏಳ್ತೀಯೋ ಕಚಗುಳಿ ಇಡ್ತೀಯೋ?”

ಸಂತೆಯೆಲ್ಲ ನಕ್ಕಿತು. ಮುನಿಸ್ವಾಮಪ್ಪ ಟವೆಲ್ಲಿನಿಂದ ಕೈ ತೆಗೆದು ಹೆಬ್ಬೆರಳನ್ನೇ ನೋಡಿಕೊಂಡ. ನಲವತ್ತು ವರ್ಷ ಹಾಲು ಕರೆದ ಬೆರಳು ತನ್ನ ಮಾತು ಕೇಳುತ್ತಿಲ್ಲವೆಂದು ಅವನಿಗೆ ಮೊದಲ ಸಲ ಭಯವಾಯಿತು. ನಿಂತಲ್ಲೇ ಎರಡೂ ಆ್ಯಪ್ ಅಳಿಸಿಹಾಕಿ, ಕಡಸಿನ ಹಗ್ಗ ಹಿಡಿದು ಊರ ಕಡೆ ತಿರುಗಿದ.

“ನೋಡ್ರಲಾ, ಅತ್ತು ಕೋಟಿ ಧಣಿ ಒಂದು ಕಡಸು ಇಡ್ಕೊಂಡು ಓಯ್ತಾವ್ನೆ!” ದಲ್ಲಾಳಿ ಕೂಗಿದ.

“ಆ ಅತ್ತು ಕೋಟೀಲಿ ಒಂದು ಲೋಟ ಆಲು ಕರ್ದು ತೋರ್ಸಣ್ಣ,” ಎಂದ ಮುನಿಸ್ವಾಮಪ್ಪ, “ಇವಳನ್ನ ನಿಂಗೆ ಪುಗಸಟ್ಟೆ ಕೊಟ್ಟು ಓಯ್ತೀನಿ!”